‘ಪ್ರೋಗ್ರೆಷನ್ ಆಗುವವರೆಗೆ ಮಾತ್ರೆ ಮುಂದುವರಿಸಿ’ ಎಂದು ಬರೆದಿದ್ದರೆ ಅದನ್ನು ಹೇಗೆ ಓದಬೇಕು?

ಪ್ರಶ್ನೆ ಕೇಳಿದವರು: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ, ಅಂದರೆ ನನ್ನ ಪತಿಯ ತಾಯಿಯವರಿಗೆ, ಕೆಲವು ವರ್ಷಗಳ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲವೂ ಆಗಿ, ಆಮೇಲೆ ಅವರು ಆರೋಗ್ಯವಾಗಿಯೇ ಇದ್ದರು. ಇತ್ತೀಚೆಗೆ ಬೆನ್ನುನೋವು ಹೆಚ್ಚಾಗಿ ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಯಲ್ಲಿಯೂ ಸೊಂಟದ ಮೂಳೆಯಲ್ಲಿಯೂ ‘ಸೆಕೆಂಡರಿ’, ಅಂದರೆ ಅಲ್ಲಿಗೆ ಹರಡಿದ ಕ್ಯಾನ್ಸರ್, ಇದೆ ಎಂದರು. ನೋವಿಗೆಂದು ಒಂದೇ ಸಲ ರೇಡಿಯೇಷನ್ ಕೊಟ್ಟು, ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ, ಮೂರು ವಾರ ನುಂಗಿ ಒಂದು ವಾರ ಬಿಡುವ ಪಾಲ್ಬೊಸಿಕ್ಲಿಬ್ ಮಾತ್ರೆ, ಜೊತೆಗೆ ಮೂಳೆಗೆ ಆಗಾಗ ಒಂದು ಇಂಜೆಕ್ಷನ್ ನಡೆಯುತ್ತಿದೆ. ನೋವು ಬಹಳ ಮಟ್ಟಿಗೆ ತಗ್ಗಿದೆ. ಕುಳಿತಲ್ಲೇ ತರಕಾರಿ ಹೆಚ್ಚಿಕೊಡುವಷ್ಟು ಚೇತರಿಸಿಕೊಂಡಿದ್ದಾರೆ.

ನನ್ನ ತೊಡಕು ಇರುವುದು ಚಿಕಿತ್ಸೆಯಲ್ಲಲ್ಲ, ಅದರ ಸುತ್ತಲಿನ ಮಾತಿನಲ್ಲಿ. ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ ‘ಪ್ರೋಗ್ರೆಷನ್ ಆಗುವವರೆಗೆ ಮುಂದುವರಿಸಿ’ ಎಂಬರ್ಥದ ಒಂದು ಇಂಗ್ಲಿಷ್ ಸಾಲಿದೆ. ನನ್ನ ಪತಿ ಅದನ್ನು ‘ಪ್ರೋಗ್ರೆಸ್ ಕಾಣುವವರೆಗೆ, ಅಂದರೆ ಸುಧಾರಣೆಯಾಗುವವರೆಗೆ’ ಎಂದು ಓದಿ, ಈಗ ನೋವು ಇಳಿದಿರುವುದರಿಂದ ಇನ್ನೊಂದೆರಡು ಸೈಕಲ್ ಮುಗಿದರೆ ಸಾಕಾಗಬಹುದು ಎಂದುಕೊಂಡಿದ್ದಾರೆ. ನರ್ಸಿಂಗ್ ಓದುತ್ತಿರುವ ನನ್ನ ನಾದಿನಿಯ ಮಗಳು ಅದರ ಅರ್ಥ ಪೂರ್ತಿ ಉಲ್ಟಾ ಎನ್ನುತ್ತಾಳೆ. ಮೊನ್ನೆಯ ಸ್ಕ್ಯಾನ್ ರಿಪೋರ್ಟ್‌ನಲ್ಲಿ ‘ಹಿಂದಿನದಕ್ಕೆ ಹೋಲಿಸಿದರೆ ಗಣನೀಯ ಬದಲಾವಣೆ ಇಲ್ಲ’ ಎಂದಿದೆ, ಒಂದು ಕಡೆ ‘ಸ್ಕ್ಲೆರೋಸಿಸ್ ಹೆಚ್ಚಾಗಿದೆ’ ಎಂದೂ ಇದೆ. ಡಾಕ್ಟರು ಅದನ್ನು ನೋಡಿ ‘ಚೆನ್ನಾಗಿದೆ, ಇದನ್ನೇ ಮುಂದುವರಿಸೋಣ’ ಎಂದರು. ಇಷ್ಟು ದುಬಾರಿ ಮಾತ್ರೆ ನುಂಗಿದ ಮೇಲೂ ಬದಲಾವಣೆ ಇಲ್ಲವೆಂದರೆ, ಅದರ ಮೇಲೆ ಏನೋ ಹೆಚ್ಚಾಗಿದೆ ಎಂದರೆ, ಅದು ಚೆನ್ನಾಗಿರುವುದು ಹೇಗೆ ಎಂದು ಮನೆಯಲ್ಲಿ ಯಾರಿಗೂ ಹೊಳೆಯುತ್ತಿಲ್ಲ. ರೇಡಿಯೇಷನ್ ಚೀಟಿಯಲ್ಲಿ ‘ಪ್ಯಾಲಿಯೇಟಿವ್’ ಎಂದು ಬರೆದದ್ದನ್ನು ನೋಡಿ ನನ್ನ ಮೈದುನ, ಆಸ್ಪತ್ರೆಯವರು ಕೈಬಿಟ್ಟಿದ್ದಾರೆ ಎಂದೇ ತೀರ್ಮಾನಿಸಿಬಿಟ್ಟಿದ್ದಾನೆ.

ಅತ್ತೆಯವರು ಒಮ್ಮೆ ಡಾಕ್ಟರ ಮುಂದೆಯೇ ‘ಇದು ಪೂರ್ತಿ ವಾಸಿಯಾಗುತ್ತದೆಯೇ’ ಎಂದು ಕೇಳಿದರು. ‘ಟ್ರೀಟ್ ಮಾಡಬಹುದಮ್ಮ, ಕಂಟ್ರೋಲ್‌ನಲ್ಲಿ ಇಡಬಹುದು’ ಎಂದು ಅವರು ಹೇಳಿದರು. ಹೊರಗೆ ಬಂದ ಮೇಲೆ ನನ್ನ ಪತಿ ಅದನ್ನೇ ‘ವಾಸಿಯಾಗುತ್ತದಂತೆ’ ಎಂದು ತಾಯಿಗೆ ದಾಟಿಸಿದರು. ಡಾಕ್ಟರನ್ನು ದೂರುವ ಉದ್ದೇಶ ನನಗಿಲ್ಲ. ಓಪಿಡಿಯ ಹೊರಗೆ ಕುಳಿತವರ ಸಂಖ್ಯೆ ನೋಡಿದರೆ ಅವರು ನಮಗೆ ಕೊಟ್ಟ ಸಮಯವೇ ಹೆಚ್ಚೆನಿಸುತ್ತದೆ. ಆದರೂ ಈ ಮಾತುಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ಅವರಿಗೆ ಬೇಸರವಾಗದಂತೆ ಹೇಗೆ ಕೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಹಳೆಯ ಸ್ಟೆತಸ್ಕೋಪ್

ತುಂಗಾತೀರ ಅವರೇ, ಕ್ಯಾನ್ಸರ್ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ಫೈಲ್ ನೋಡದೆ ನಿಮ್ಮ ಅತ್ತೆಯವರ ಚಿಕಿತ್ಸೆಯ ಬಗ್ಗೆ ಏನೂ ಹೇಳಲಾರೆ, ಪದಗಳ ಬಗ್ಗೆ ಹೇಳಬಲ್ಲೆ.

ಆ ಹುಡುಗಿ ಹೇಳಿದ್ದೇ ಸರಿ. ಪ್ರೋಗ್ರೆಷನ್ ಎಂದರೆ ಕಾಯಿಲೆ ಬೆಳೆಯುವುದು, ರೋಗಿ ಸುಧಾರಿಸುವುದಲ್ಲ. ಕಾಯಿಲೆ ಈ ಔಷಧದ ಹಿಡಿತದಲ್ಲಿರುವಷ್ಟು ಕಾಲ, ಅಡ್ಡಪರಿಣಾಮಗಳನ್ನು ದೇಹ ತಾಳಿಕೊಳ್ಳುವಷ್ಟು ಕಾಲ ಇದನ್ನೇ ಕೊಡಬೇಕು, ಕಾಯಿಲೆ ಹಿಡಿತ ತಪ್ಪಿ ಬೆಳೆದದ್ದು ಖಚಿತವಾದಾಗ ಬೇರೆ ಔಷಧಕ್ಕೆ ಹೋಗಬೇಕು ಎಂಬುದು ಆ ಸಾಲಿನ ತಾತ್ಪರ್ಯ. ನಿಮ್ಮ ಯಜಮಾನರು ಓದಿದಂತೆ ನಡೆದುಕೊಂಡರೆ, ಔಷಧ ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ಅದನ್ನು ನಿಲ್ಲಿಸಿದಂತಾಗುತ್ತದೆ. ಈ ಕಾರಣಕ್ಕಾಗಿಯೇ ಮಾತ್ರೆ ಬಿಟ್ಟು ತಿಂಗಳುಗಳ ನಂತರ ಮರಳಿ ಬಂದ ರೋಗಿಗಳನ್ನು ನಾನು ಕಂಡಿದ್ದೇನೆ. ಇದು ಇಂಗ್ಲಿಷ್ ಬಾರದವರ ಸಮಸ್ಯೆ ಎಂದು ಭಾವಿಸಬೇಡಿ. ಬ್ರಿಟನ್ನಿನಲ್ಲಿ ಸಾಮಾನ್ಯ ಜನರನ್ನು ಕೇಳಿ ನಡೆಸಿ 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಗೆಡ್ಡೆ ‘ಪ್ರೋಗ್ರೆಸ್’ ಆಗುತ್ತಿದೆ ಎಂಬುದು ಒಳ್ಳೆಯ ಸುದ್ದಿಯಲ್ಲವೆಂದು ತಿಳಿದಿದ್ದವರು ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾತ್ರ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರ ಕಥೆ ಇದು. ವಿಚಿತ್ರವೆಂದರೆ, ‘ಮೆಟಾಸ್ಟಾಸಿಸ್’ (ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡುವುದು) ಎಂಬ ಕಠಿಣ ಪದವನ್ನು ಅದಕ್ಕಿಂತ ಹೆಚ್ಚು ಮಂದಿ ಸರಿಯಾಗಿ ಗುರುತಿಸಿದ್ದರು. ಕೇಳರಿಯದ ಪದ ಬಂದರೆ ರೋಗಿ ‘ಹಾಗೆಂದರೇನು’ ಎಂದು ಕೇಳುತ್ತಾನೆ. ತನಗೆ ಗೊತ್ತಿದೆ ಎನಿಸಿದ ಪದವನ್ನು ಕೇಳುವುದಿಲ್ಲ, ಹೇಳಿದವರೂ ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ. ನನ್ನ ಅನುಭವದಲ್ಲಿ ಅನಾಹುತಗಳೆಲ್ಲ ಈ ಪರಿಚಿತ ಪದಗಳಿಂದಲೇ ಆಗಿವೆ.

ಇನ್ನು ಸ್ಕ್ಯಾನ್ ರಿಪೋರ್ಟ್. ಅಳೆಯಲು ಬರುವ ಗೆಡ್ಡೆಗಳ ವಿಷಯದಲ್ಲಿ ನಾವು ಅನುಸರಿಸುವ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ. ಆಯ್ದುಕೊಂಡ ಗೆಡ್ಡೆಗಳ ಅಳತೆಗಳ ಮೊತ್ತ ಮೊದಲಿಗಿಂತ ಕನಿಷ್ಠ ಶೇ. 30ರಷ್ಟು ಇಳಿದರೆ ಅದು ಭಾಗಶಃ ರೆಸ್ಪಾನ್ಸ್, ಅಂದರೆ ಚಿಕಿತ್ಸೆಗೆ ಭಾಗಶಃ ಸ್ಪಂದನೆ. ಅತಿ ಕಡಿಮೆ ಇದ್ದಾಗಿನ ಮೊತ್ತಕ್ಕಿಂತ ಕನಿಷ್ಠ ಶೇ. 20ರಷ್ಟು ಏರಿದರೆ, ಅಥವಾ ಹೊಸ ಜಾಗದಲ್ಲಿ ಗೆಡ್ಡೆ ಕಾಣಿಸಿಕೊಂಡರೆ ಪ್ರೋಗ್ರೆಷನ್. ಇವೆರಡರ ನಡುವೆ ಉಳಿದದ್ದೆಲ್ಲ ‘ಸ್ಟೇಬಲ್’. ಬೆಳೆಯುವುದೇ ಸ್ವಭಾವವಾದ ಕಾಯಿಲೆ ಬೆಳೆಯದೆ ನಿಂತಿದೆ ಎಂದರೆ ಔಷಧ ಕೆಲಸ ಮಾಡುತ್ತಿದೆ ಎಂದೇ ನಾವು ಲೆಕ್ಕ ಹಾಕುತ್ತೇವೆ. ಮೂಳೆಯ ವಿಷಯ ಇನ್ನೂ ಸೂಕ್ಷ್ಮ. ಕ್ಯಾನ್ಸರ್ ಕೊರೆದು ಟೊಳ್ಳು ಮಾಡಿದ ಮೂಳೆಯಲ್ಲಿ ಚಿಕಿತ್ಸೆ ಫಲಿಸಿದಾಗ ಹೊಸ ಮೂಳೆ ತುಂಬಿಕೊಳ್ಳುತ್ತದೆ, ಆ ಜಾಗ ಸ್ಕ್ಯಾನ್‌ನಲ್ಲಿ ಮೊದಲಿಗಿಂತ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ‘ಸ್ಕ್ಲೆರೋಸಿಸ್ ಹೆಚ್ಚಾಗಿದೆ’ ಎಂಬ ಮಾತು ಹೀಗೆ ಗಾಯ ಮಾಯುತ್ತಿರುವುದರ ಗುರುತಾಗಿರುವುದುಂಟು. ಪ್ರತಿ ಸಲವೂ ಹಾಗೆಯೇ ಎನ್ನಲು ಬರುವುದಿಲ್ಲ. ನೋವು ಇಳಿದಿದೆಯೇ, ರಕ್ತಪರೀಕ್ಷೆ ಏನು ಹೇಳುತ್ತದೆ, ಹೊಸ ಜಾಗಗಳಿವೆಯೇ ಎಂಬುದನ್ನೆಲ್ಲ ಕೂಡಿಸಿ ನೋಡಬೇಕು. ನಿಮ್ಮ ಡಾಕ್ಟರು ‘ಚೆನ್ನಾಗಿದೆ’ ಎಂದದ್ದು ಬಹುಶಃ ಹಾಗೆ ಕೂಡಿಸಿ ನೋಡಿದ ಮೇಲೆ. ಆ ಲೆಕ್ಕವನ್ನು ಬಾಯಿಬಿಟ್ಟು ಹೇಳಿದ್ದರೆ ನಿಮ್ಮ ಮನೆಯ ಅರ್ಧ ಚಿಂತೆ ಅಲ್ಲೇ ಕಳೆಯುತ್ತಿತ್ತು.

ನೀವು ಕೇಳದ ಒಂದು ಗೊಂದಲವನ್ನೂ ಇಲ್ಲಿಯೇ ಬಿಡಿಸುತ್ತೇನೆ. ನಿಮ್ಮ ಅತ್ತೆಯವರಿಗೆ ಈಗ ಸ್ತನದ್ದೊಂದು, ಮೂಳೆಯದ್ದೊಂದು ಎಂದು ಎರಡು ಕ್ಯಾನ್ಸರ್ ಇಲ್ಲ. ಹಿತ್ತಲಿನ ಕರಿಬೇವನ್ನು ಕಿತ್ತು ಪಕ್ಕದ ಮನೆಯಲ್ಲಿ ನೆಟ್ಟರೂ ಅದು ಕರಿಬೇವೇ ತಾನೇ. ಮೂಳೆಗೆ ಬಂದು ಕುಳಿತಿರುವುದು ಸ್ತನದ ಕ್ಯಾನ್ಸರ್ ಕೋಶಗಳೇ ಆದ್ದರಿಂದ ಈಗಲೂ ಸ್ತನ ಕ್ಯಾನ್ಸರಿನ ಮಾತ್ರೆಯನ್ನೇ ಕೊಡುತ್ತಿದ್ದಾರೆ. ಲೆಟ್ರೊಜೋಲ್ ಕೊಟ್ಟಿರುವುದನ್ನು ನೋಡಿದರೆ ಬಯಾಪ್ಸಿಯಲ್ಲಿ ಇಆರ್, ಪಿಆರ್ (ಕ್ಯಾನ್ಸರ್ ಕೋಶದ ಮೇಲಿನ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನ್ ಗ್ರಾಹಕಗಳು) ‘ಪಾಸಿಟಿವ್’ ಎಂದಿರಬೇಕು. ಅದು ಹಾರ್ಮೋನ್ ಮಾತ್ರೆಗೆ ಬಗ್ಗುವ ಕಾಯಿಲೆ ಎಂಬ ಸೂಚನೆ, ಒಳ್ಳೆಯದೇ. ಹಳೆಯ ಆಪರೇಷನ್ ರಿಪೋರ್ಟ್ ತೆಗೆದು ನೋಡಿದರೆ ಅಲ್ಲಿ ಕಂಕುಳಿನ ಗ್ರಂಥಿ ‘ಪಾಸಿಟಿವ್’ ಎಂದಿರಬಹುದು, ಅದು ಒಳ್ಳೆಯದಲ್ಲ. ತೆಗೆದ ತುಂಡಿನ ಅಂಚು ‘ನೆಗೆಟಿವ್’ ಎಂದಿದ್ದರೆ ಅದು ಒಳ್ಳೆಯದು. ಪಾಸಿಟಿವ್ ಎಂದರೆ ಹುಡುಕಿದ್ದು ಸಿಕ್ಕಿತು, ನೆಗೆಟಿವ್ ಎಂದರೆ ಸಿಗಲಿಲ್ಲ, ಅಷ್ಟೆ. ಸಿಕ್ಕಿದ್ದು ಒಳಿತೋ ಕೆಡುಕೋ ಎಂಬುದು ಹುಡುಕಿದ್ದು ಏನನ್ನು ಎಂಬುದರ ಮೇಲೆ ನಿಂತಿದೆ. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಪಿಆರ್’ ಎಂದು ಕಂಡರೆ ಅದು ಹಾರ್ಮೋನ್ ಮಾತಲ್ಲ, ಭಾಗಶಃ ರೆಸ್ಪಾನ್ಸ್ ಎಂಬುದರ ಚುಟುಕು ರೂಪ. ಒಂದೇ ಫೈಲಿನಲ್ಲಿ ಒಂದೇ ಎರಡಕ್ಷರಕ್ಕೆ ಎರಡು ಅರ್ಥ ಕೊಟ್ಟುಕೊಂಡು ನಾವು ರೋಗಿಗೆ ‘ನೀವೇ ಓದಿ ನೋಡಿ’ ಎನ್ನುತ್ತೇವೆ.

‘ಟ್ರೀಟ್ ಮಾಡಬಹುದು’ ಎಂಬುದಕ್ಕೂ ‘ವಾಸಿ ಮಾಡಬಹುದು’ ಎಂಬುದಕ್ಕೂ ಅಂತರ ದೊಡ್ಡದು. ಮೂಳೆಗೆ ಹರಡಿದ ಸ್ತನ ಕ್ಯಾನ್ಸರನ್ನು ಬೇರುಸಮೇತ ಕಿತ್ತುಹಾಕುವುದು ಇಂದಿನ ಔಷಧಗಳಿಂದ ಸಾಮಾನ್ಯವಾಗಿ ಆಗುವುದಿಲ್ಲ. ವರ್ಷಗಟ್ಟಲೆ ಹಿಡಿತದಲ್ಲಿಡುವುದು ಅನೇಕರಲ್ಲಿ ಆಗುತ್ತದೆ. ಅಮೆರಿಕದಲ್ಲಿ ಹರಡಿದ ಶ್ವಾಸಕೋಶ ಮತ್ತು ಕರುಳಿನ ಕ್ಯಾನ್ಸರಿಗೆ ಕೀಮೋ ಪಡೆದವರ ಬಗ್ಗೆ 2012ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಆ ಕೀಮೋದಿಂದ ಕಾಯಿಲೆ ಪೂರ್ತಿ ಗುಣವಾಗುವ ಸಂಭವವಿಲ್ಲ ಎಂಬುದು ಶ್ವಾಸಕೋಶದ ರೋಗಿಗಳಲ್ಲಿ ಶೇ. 69 ಮಂದಿಗೆ, ಕರುಳಿನ ರೋಗಿಗಳಲ್ಲಿ ಶೇ. 81 ಮಂದಿಗೆ ಮನವರಿಕೆಯಾಗಿರಲಿಲ್ಲ. ಅವರೆಲ್ಲರೂ ಒಪ್ಪಿಯೇ ಚಿಕಿತ್ಸೆ ಪಡೆದವರು. ‘ಪ್ಯಾಲಿಯೇಟಿವ್’ ಎಂಬುದೂ ಈ ಅಂತರವನ್ನೇ ಹೇಳುವ ಪದ: ಈ ಚಿಕಿತ್ಸೆಯ ಗುರಿ ಗುಣಪಡಿಸುವುದಲ್ಲ, ನೋವನ್ನೂ ಕಾಯಿಲೆಯ ಕಾಟವನ್ನೂ ತಗ್ಗಿಸುವುದು. ಮೂಳೆನೋವಿಗೆ ಒಂದೇ ಸಲ 8 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ) ರೇಡಿಯೇಷನ್ ಕೊಡುವುದು ಪ್ರಪಂಚದೆಲ್ಲೆಡೆ ಒಪ್ಪಿತ ಕ್ರಮ. ಕೈಬಿಟ್ಟವರಾಗಿದ್ದರೆ ನಿಮ್ಮ ಆಸ್ಪತ್ರೆಯವರು ಅದರ ಮೇಲೆ ಮೂರು ಬಗೆಯ ಔಷಧ ಬರೆದುಕೊಡುತ್ತಿರಲಿಲ್ಲ ಎಂದು ನಿಮ್ಮ ಮೈದುನನಿಗೆ ಹೇಳಿ.

ಉತ್ತರ: ವಾರ್ಡಿನಾಕೆ

ನಾನು ಪ್ಯಾಲಿಯೇಟಿವ್ ಆರೈಕೆಯ ನರ್ಸ್. ಡಾಕ್ಟರ್ ಸರ್ ವೈದ್ಯರ ಮಾತು ರೋಗಿಗೆ ತಲುಪದಿರುವುದನ್ನು ಬರೆದಿದ್ದಾರೆ. ರೋಗಿಯ ಮಾತು ನಮ್ಮವರಿಗೆ ತಲುಪದಿರುವುದೂ ಅಷ್ಟೇ ಇದೆ, ಅದರ ಬಗ್ಗೆ ಯಾರೂ ಹೆಚ್ಚಾಗಿ ಮಾತನಾಡುವುದಿಲ್ಲ.

ಬೆನ್ನುಮೂಳೆಯಲ್ಲಿ ಸೆಕೆಂಡರಿ ಇರುವವರು ‘ಕಾಲು ಜೋಮು ಹಿಡಿದಂತಿದೆ’ ಎಂದರೆ ಮನೆಯವರು ‘ಕುಳಿತೇ ಇರುತ್ತಾರಲ್ಲ, ಅದಕ್ಕೇ’ ಎಂದು ಎಣ್ಣೆ ತಿಕ್ಕುತ್ತಾರೆ. ಓಪಿಡಿಯಲ್ಲಿ ಹೇಳಿದರೂ ಕೀಮೋ ಆದವರಿಗೆ ಜೋಮು ಸಾಮಾನ್ಯ ಎಂದು ಕಿರಿಯ ಡಾಕ್ಟರೊಬ್ಬರು ವಿಟಮಿನ್ ಮಾತ್ರೆ ಬರೆದು ಕಳಿಸಿರುವುದುಂಟು. ಕೀಮೋದ ಜೋಮು ಸಾಮಾನ್ಯವಾಗಿ ಕೈಕಾಲುಗಳ ಬೆರಳ ತುದಿಯಿಂದ ಶುರುವಾಗುತ್ತದೆ. ಅದರ ಬದಲು ಬೆನ್ನುನೋವು ದಿಢೀರನೆ ಹೆಚ್ಚಾಗಿ, ಕಾಲು ಸೋಲತೊಡಗಿ, ಚಪ್ಪಲಿ ಜಾರಿದರೂ ತಿಳಿಯದಂತಾಗಿ, ಮೂತ್ರ ಕಟ್ಟಿಕೊಂಡಂತಾದರೆ ಅದು ಬೆನ್ನುಹುರಿ ಒತ್ತಲ್ಪಡುತ್ತಿರುವ ಲಕ್ಷಣವಿರಬಹುದು. ಆಗ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ನಡೆಯುವ ಶಕ್ತಿ ಪೂರ್ತಿ ಹೋದ ಮೇಲೆ ಅದು ಮರಳುವುದು ಕಷ್ಟ. ತುಂಗಾತೀರ ಅವರೇ, ನಿಮ್ಮ ಅತ್ತೆಯವರ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ನೆನಪಿಡಬೇಕಾದ ಒಂದು ಸಂಗತಿ ಇದ್ದರೆ ಅದು ಇದೇ.

ಇನ್ನೊಂದು ‘ಹೀಟ್’. ನಮ್ಮಲ್ಲಿ ಬಾಯಿಹುಣ್ಣಿಗೂ ಹೀಟ್, ಉರಿಮೂತ್ರಕ್ಕೂ ಹೀಟ್, ಕಣ್ಣು ಉರಿದರೂ ಹೀಟ್. ಕೀಮೋ ಅಥವಾ ಕೌಂಟ್ (ಬಿಳಿ ರಕ್ತಕಣಗಳ ಸಂಖ್ಯೆ) ಇಳಿಸುವ ಮಾತ್ರೆ ನಡೆಯುವಾಗ ರೋಗಿ ‘ಯಾಕೋ ಹೀಟ್ ಆಗಿದೆ’ ಎಂದರೆ ಎಳನೀರು, ಮಜ್ಜಿಗೆ ಕೊಟ್ಟು ಮಲಗಿಸುವ ಬದಲು ಮೊದಲು ಥರ್ಮಾಮೀಟರ್ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ, ಹೇಳುವಾಗ ಹೀಟ್ ಎನ್ನದೆ ಜ್ವರ ಎನ್ನಿ, ಎಷ್ಟು ಡಿಗ್ರಿ ಎಂದೂ ಹೇಳಿ.

ನೋವನ್ನು ಸೊನ್ನೆಯಿಂದ ಹತ್ತರೊಳಗೆ ಅಳೆದು ಹೇಳಿ ಎಂದು ನಾವು ಕೇಳುತ್ತೇವೆ. ಕಲಬುರಗಿಯ ಕಡೆಯಿಂದ ಬಂದ ಹಿರಿಯರೊಬ್ಬರು ಯಾವಾಗ ಕೇಳಿದರೂ ‘ಅಡ್ಡಿ ಇಲ್ರೀ’ ಎನ್ನುತ್ತಿದ್ದರು, ಬೇರೆ ರಾಜ್ಯದಿಂದ ಬಂದಿದ್ದ ಸಿಸ್ಟರ್ ಅದನ್ನು ನೋವಿಲ್ಲ ಎಂದು ಬರೆದುಕೊಳ್ಳುತ್ತಿದ್ದಳು. ‘ರಾತ್ರಿ ಎಷ್ಟು ಸಲ ಎಚ್ಚರ ಆಗ್ತದ್ರೀ’ ಎಂದು ನಾನು ಕೇಳಿದಾಗ, ತಾವು ಮಲಗುವುದೇ ಇಲ್ಲ, ಗೋಡೆಗೆ ಒರಗಿ ಕೂರುತ್ತೇನೆ ಎಂದರು. ಅಂದಿನಿಂದ ನಾನು ಅಂಕಿ ಕೇಳುವ ಮೊದಲು ನಿದ್ದೆ ಕೇಳುತ್ತೇನೆ, ಬಚ್ಚಲಿಗೆ ನಡೆದು ಹೋಗುತ್ತೀರಾ ಎಂದು ಕೇಳುತ್ತೇನೆ, ನೆಲದ ಮೇಲೆ ಕೂತು ಉಣ್ಣುತ್ತೀರಾ ಎಂದು ಕೇಳುತ್ತೇನೆ.

ರೇಡಿಯೇಷನ್ನಿಗೆ ‘ಕರೆಂಟ್ ಇಡುವುದು’ ಎಂಬ ಮಾತು ರೂಢಿಯಲ್ಲಿದೆ, ಸಿಬ್ಬಂದಿಯೂ ಹಾಗೆಯೇ ಹೇಳುತ್ತಾರೆ. ಆ ಕೋಣೆಯ ಬಾಗಿಲಲ್ಲಿ ಅಜ್ಜಿಯೊಬ್ಬರು ಕಾಲುಂಗುರ, ಓಲೆ, ಕೊನೆಗೆ ಸೀರೆಯ ಪಿನ್ನು ಕೂಡ ಬಿಚ್ಚಿ ಮಗಳ ಸೆರಗಿಗೆ ಕಟ್ಟಿದರು. ಲೋಹ ಇದ್ದರೆ ಶಾಕ್ ಹೊಡೆದೀತು ಎಂಬ ಭಯ. ಎಕ್ಸ್-ರೇ ತೆಗೆದಂತೆಯೇ, ಮೈಗೆ ಏನೂ ತಾಗಿದ್ದು ಗೊತ್ತಾಗುವುದಿಲ್ಲ ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಉತ್ತರ: ಹಿರೇಮನೆ

ಮೇಲಿನ ಇಬ್ಬರ ಜ್ಞಾನಕ್ಕೆ ಗೌರವ ಸಲ್ಲಿಸಿಯೇ ಒಂದು ಮಾತು ಹೇಳುತ್ತೇನೆ. ಎಲ್ಲ ಪದಗಳನ್ನೂ ಬಿಡಿಸಿ ರೋಗಿಯ ಮುಂದಿಡಲೇಬೇಕೆಂಬ ಹಟ ಏಕೆ? ನನ್ನ ತಂದೆಯವರಿಗೆ ಅನ್ನನಾಳದ ಕ್ಯಾನ್ಸರ್ ಇತ್ತು, ನಾವು ಮಕ್ಕಳು ಕೊನೆಯವರೆಗೂ ‘ಹುಣ್ಣು’ ಎಂದೇ ಹೇಳಿದೆವು. ಅವರು ಧೈರ್ಯವಾಗಿ ತೋಟ ತಿರುಗಾಡಿಕೊಂಡಿದ್ದರು. ತುಂಗಾತೀರ ಅವರ ಯಜಮಾನರು ‘ವಾಸಿಯಾಗುತ್ತದಂತೆ’ ಎಂದು ತಾಯಿಗೆ ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ವಯಸ್ಸಾದವರ ಮನಸ್ಸು ಕುಗ್ಗಿದರೆ ಯಾವ ಮಾತ್ರೆ ತಾನೇ ಕೆಲಸ ಮಾಡೀತು?

ಉತ್ತರ: ಧಾರವಾಡದಾಕಿ

ಹಿರೇಮನೆ ಅವರೇ, ನಿಮ್ಮ ತಂದೆಯವರಿಗೆ ಗೊತ್ತಿರಲಿಲ್ಲ ಎಂದು ನೀವು ಹೇಗೆ ಅಷ್ಟು ಖಚಿತವಾಗಿ ಹೇಳುತ್ತೀರಿ ಎಂಬುದು ನನ್ನ ಮೊದಲ ಪ್ರಶ್ನೆ. ನಾನು ಸ್ವತಃ ಈ ಚಿಕಿತ್ಸೆ ಮುಗಿಸಿದವಳು. ಮೊದಮೊದಲು ನನ್ನ ಅಣ್ಣಂದಿರು ಡಾಕ್ಟರ ಬಳಿ ಇಂಗ್ಲಿಷ್‌ನಲ್ಲಿ ಮಾತಾಡಿ, ಹೊರಗೆ ಬಂದು ನನಗೆ ‘ಸಣ್ಣ ಗಂಟು, ತೆಗೆದರೆ ಮುಗೀತು’ ಎಂದು ಹೇಳುತ್ತಿದ್ದರು. ಆದರೆ ನಾನು ಕುಳಿತಿದ್ದ ಬೆಂಚಿನ ಎದುರಿನ ಫಲಕದ ಮೇಲೆ ವಿಭಾಗದ ಹೆಸರು ಕನ್ನಡದಲ್ಲಿಯೇ ಇತ್ತು, ಪಕ್ಕದಲ್ಲಿ ತಲೆಗೆ ವಸ್ತ್ರ ಸುತ್ತಿಕೊಂಡ ನಾಲ್ಕು ಹೆಣ್ಣುಮಕ್ಕಳಿದ್ದರು. ನನಗೆ ಗೊತ್ತಿದೆ ಎಂದು ಅಣ್ಣಂದಿರಿಗೆ ತಿಳಿದರೆ ಅವರು ನೊಂದಾರು ಎಂದು ನಾನು ಸುಮ್ಮನಿದ್ದೆ, ನನಗೆ ತಿಳಿದರೆ ನಾನು ನೊಂದೇನು ಎಂದು ಅವರು ಸುಮ್ಮನಿದ್ದರು. ಈ ಪರಸ್ಪರ ಮೌನದಲ್ಲಿ ನಾನು ಕೇಳಲೇಬೇಕಾಗಿದ್ದ ಪ್ರಶ್ನೆಗಳನ್ನು ಕೇಳಲಾಗಲಿಲ್ಲ. ಸ್ತನವನ್ನು ಪೂರ್ತಿ ತೆಗೆಯದೆ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಡುವ ದಾರಿಯೂ ಕೆಲವರಿಗೆ ಇರುತ್ತದೆ ಎಂಬುದು ನನಗೆ ತಿಳಿದದ್ದು ಆಪರೇಷನ್ ಆದ ಎಷ್ಟೋ ದಿನಗಳ ಮೇಲೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ, ಚಿಕಿತ್ಸೆಗೆ ಮೊದಲು ಅದರ ಸ್ವರೂಪ, ಪರ್ಯಾಯಗಳು, ಮುಖ್ಯ ಅಪಾಯಗಳನ್ನು ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದು ಹೇಳಿದೆ; ಅಲ್ಲಿ ರೋಗಿಯ ತಾಯಿ ಕೊಟ್ಟ ಒಪ್ಪಿಗೆಯನ್ನು ಕೋರ್ಟ್ ರೋಗಿಯ ಒಪ್ಪಿಗೆ ಎಂದು ಪರಿಗಣಿಸಲಿಲ್ಲ. ವೈದ್ಯರ ನಡವಳಿಕೆಯ 2002ರ ನಿಯಮಾವಳಿ, ಕಾಯಿಲೆಯ ಗಂಭೀರತೆಯನ್ನು ಹಿಗ್ಗಿಸಲೂಬಾರದು, ಕುಗ್ಗಿಸಲೂಬಾರದು ಎನ್ನುತ್ತದೆ. ಅದೇ ನಿಯಮಾವಳಿಯ ಪ್ರಕಾರ ನಾವು ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕು. ಆದ್ದರಿಂದ ರಿಪೋರ್ಟಿನ ಪ್ರತಿ ಕೇಳುವುದಕ್ಕೆ ಅಂಜಬೇಕಾಗಿಲ್ಲ. ಇದನ್ನೆಲ್ಲ ಜಗಳಕ್ಕೆಂದು ಹೇಳುತ್ತಿಲ್ಲ. ಎಲ್ಲವನ್ನೂ ಎಲ್ಲರ ಮೇಲೂ ಸುರಿಯಬೇಕೆಂದೂ ನಾನು ಹೇಳುವುದಿಲ್ಲ. ತಿಳಿಯಬಯಸದ ಹಿರಿಯರೂ ಇರುತ್ತಾರೆ. ಆದರೆ ತುಂಗಾತೀರ ಅವರ ಅತ್ತೆ ಡಾಕ್ಟರ ಮುಂದೆ ಕುಳಿತು ತಾವಾಗಿಯೇ ಪ್ರಶ್ನೆ ಕೇಳಿದ್ದಾರೆ. ಕೇಳಿದವರಿಗೆ ಉತ್ತರ ಸಿಗಬೇಕು.

ತುಂಗಾತೀರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಕೃತಜ್ಞತೆಗಳು. ಮೇಲಿನ ಉತ್ತರಗಳನ್ನು ನನ್ನ ಪತಿಗೆ ಓದಿ ಹೇಳಿದೆ, ಮಾತ್ರೆ ನಿಲ್ಲಿಸುವ ಮಾತು ಈಗ ಎದ್ದಿಲ್ಲ. ಆದರೆ ಅವರು ಇಂಟರ್‌ನೆಟ್‌ನಲ್ಲಿ ಈ ಎರಡು ಮಾತ್ರೆಗಳ ಬಗ್ಗೆ ಹುಡುಕಿ, ‘ಮೀಡಿಯನ್ ಪ್ರೋಗ್ರೆಷನ್-ಫ್ರೀ ಸರ್ವೈವಲ್ 24.8 ತಿಂಗಳು’ ಎಂದು ಒಂದು ಕಡೆ ಓದಿ, ಅಮ್ಮನಿಗೆ ಉಳಿದಿರುವುದು ಎರಡೇ ವರ್ಷ ಎಂದು ಮಂಕಾಗಿ ಕುಳಿತಿದ್ದಾರೆ. ‘ಸರ್ವೈವಲ್’ ಎಂಬ ಪದ ಅಲ್ಲಿ ಇದ್ದೇ ಇದೆಯಲ್ಲ ಎನ್ನುತ್ತಾರೆ. ಇದಕ್ಕೆ ಏನು ಹೇಳಲಿ?

ಉತ್ತರ: ಹಳೆಯ ಸ್ಟೆತಸ್ಕೋಪ್

ಅದು ಉಳಿದಿರುವ ಆಯುಷ್ಯದ ಅಂಕಿಯಲ್ಲ ಎಂದು ಇವತ್ತೇ ಹೇಳಿ.

ಅವರು ಓದಿರುವುದು 2016ರಲ್ಲಿ ಪ್ರಕಟವಾದ ಪಲೋಮಾ-2 ಎಂಬ ಪ್ರಯೋಗದ ಫಲಿತಾಂಶ. ಲೆಟ್ರೊಜೋಲ್ ಜೊತೆಗೆ ಪಾಲ್ಬೊಸಿಕ್ಲಿಬ್ ಪಡೆದವರಲ್ಲಿ ಆ ಅವಧಿ 24.8 ತಿಂಗಳು, ಲೆಟ್ರೊಜೋಲ್ ಒಂದನ್ನೇ ಪಡೆದವರಲ್ಲಿ 14.5 ತಿಂಗಳು. ಪ್ರೋಗ್ರೆಷನ್-ಫ್ರೀ ಸರ್ವೈವಲ್ ಎಂದರೆ ಕಾಯಿಲೆ ಬೆಳೆಯದೆ ಕಳೆದ ಕಾಲ. ಕಾಯಿಲೆ ಸ್ಕ್ಯಾನ್‌ನಲ್ಲಿ ಬೆಳೆದದ್ದು ಕಂಡ ದಿನ ಆ ಗಡಿಯಾರ ನಿಲ್ಲುತ್ತದೆ, ರೋಗಿ ಅಂದು ಮನೆಯಲ್ಲಿ ಅಡುಗೆ ಮಾಡಿಕೊಂಡು ಇದ್ದರೂ ಸರಿಯೇ. ಅಲ್ಲಿಂದ ಮುಂದೆ ಎರಡನೆಯ, ಮೂರನೆಯ ಔಷಧಗಳ ಕಾಲ ಬೇರೆಯೇ ಇರುತ್ತದೆ. ಅದೇ ಪ್ರಯೋಗದಲ್ಲಿ ಒಟ್ಟು ಬದುಕಿದ ಕಾಲದ ಮೀಡಿಯನ್ ಎರಡೂ ಗುಂಪುಗಳಲ್ಲಿ 50 ತಿಂಗಳಿಗಿಂತ ಹೆಚ್ಚು. ಎರಡು ಗುಂಪುಗಳ ನಡುವೆ ಅದರಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ ಎಂಬುದೂ ನಿಜ. ಅದನ್ನು ಮರೆಮಾಚಿ ಮಾತ್ರೆಯನ್ನು ಹೊಗಳುವುದು ಸರಿಯಲ್ಲ.

ಇನ್ನು ಮೀಡಿಯನ್. ಅದು ಸಾಲಿನಲ್ಲಿ ನಿಂತವರ ನಡುವಿನವನ ಅಂಕಿ: ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಅದಕ್ಕಿಂತ ಹೆಚ್ಚು. ಕಡಿಮೆ ಇರುವ ಕಡೆ ಸೊನ್ನೆಗಿಂತ ಕೆಳಗೆ ಇಳಿಯಲಾಗುವುದಿಲ್ಲ, ಹೆಚ್ಚಿರುವ ಕಡೆ ಬಾಲ ಬಹಳ ಉದ್ದಕ್ಕೆ ಚಾಚಿಕೊಳ್ಳಬಹುದು. ಸ್ಟೀಫನ್ ಜೇ ಗೂಲ್ಡ್ ಎಂಬ ಅಮೆರಿಕದ ಪ್ರಾಗ್ಜೀವ ವಿಜ್ಞಾನಿಗೆ 1982ರಲ್ಲಿ ಹೊಟ್ಟೆಯ ಮೀಸೊಥೀಲಿಯೋಮಾ ಎಂಬ ಕ್ಯಾನ್ಸರ್ ಪತ್ತೆಯಾದಾಗ, ಅವರು ಗ್ರಂಥಾಲಯಕ್ಕೆ ಹೋಗಿ ಓದಿದ್ದು ಮೀಡಿಯನ್ 8 ತಿಂಗಳು ಎಂದು. ಅಂಕಿಅಂಶಗಳನ್ನು ಬಲ್ಲವರಾದ್ದರಿಂದ ಅವರು ಆ ಉದ್ದ ಬಾಲದಲ್ಲಿ ತಾನು ಏಕಿರಬಾರದು ಎಂದು ಯೋಚಿಸಿದರು. ಮುಂದೆ 20 ವರ್ಷ ಬದುಕಿ, 2002ರಲ್ಲಿ ತೀರಿಕೊಂಡದ್ದು ಬೇರೊಂದು ಕ್ಯಾನ್ಸರಿನಿಂದ. ಎಲ್ಲರಿಗೂ ಹಾಗಾಗುತ್ತದೆ ಎಂದು ಇದರ ಅರ್ಥವಲ್ಲ. ನಡುವಿನ ಅಂಕಿಯನ್ನು ಒಬ್ಬ ವ್ಯಕ್ತಿಯ ಗಡುವು ಎಂದು ಓದಬಾರದು ಎಂಬುದಷ್ಟೇ ನನ್ನ ಮಾತು. ಮನೆಯವರು ‘ಎಷ್ಟು ದಿನ ಡಾಕ್ಟರೇ’ ಎಂದು ಪಟ್ಟು ಹಿಡಿದಾಗ ನಮ್ಮ ವೈದ್ಯರೂ ಬೇಸತ್ತು ಒಂದು ಅಂಕಿ ಹೇಳಿಬಿಡುವುದುಂಟು. ‘ತಿಂಗಳುಗಳಲ್ಲಿ ಎಣಿಸುವ ಮಾತಲ್ಲ, ವರ್ಷಗಳ ಮಾತು’ ಎಂದೋ, ‘ವಾರಗಳಲ್ಲಿ ಯೋಚಿಸಬೇಕಾದ ಹಂತ’ ಎಂದೋ ಹೇಳುವುದು ಅದಕ್ಕಿಂತ ಪ್ರಾಮಾಣಿಕ ಎಂದು ನನಗೆ ಅನಿಸುತ್ತದೆ.

ಕೇಳುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಕಹಿ ಸುದ್ದಿ ಹೇಳುವ ಕ್ರಮವೆಂದು ವೈದ್ಯರಿಗೆ ಕಲಿಸುವ, 2000ದಲ್ಲಿ ಪ್ರಕಟವಾದ ಸ್ಪೈಕ್ಸ್ ಎಂಬ ಆರು ಹಂತಗಳ ವಿಧಾನವಿದೆ. ಅದರಲ್ಲಿ ವಿಷಯ ಹೇಳುವುದು ನಾಲ್ಕನೆಯ ಹಂತ. ಅದಕ್ಕೂ ಮೊದಲು ರೋಗಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಬೇಕು, ಎಷ್ಟು ತಿಳಿಯಬಯಸುತ್ತಾರೆ ಎಂದು ಕೇಳಬೇಕು. ಹಿರೇಮನೆ ಅವರ ಆತಂಕಕ್ಕೂ ಧಾರವಾಡದ ತಂಗಿಯವರ ಮಾತಿಗೂ ಉತ್ತರ ಆ ಎರಡು ಹಂತಗಳಲ್ಲಿದೆ ಎಂದುಕೊಂಡಿದ್ದೇನೆ. ನಿಮ್ಮ ಡಾಕ್ಟರು ಕೇಳದಿದ್ದರೆ ಅತ್ತೆಯವರೇ ‘ನನಗೆ ತಿಳಿಯಬೇಕು’ ಎಂದೋ, ‘ಮಗನಿಗೆ ಹೇಳಿದರೆ ಸಾಕು’ ಎಂದೋ ಹೇಳಬಹುದು. ನೀವು ಡಾಕ್ಟರ ಮಾತನ್ನು ನಿಮ್ಮ ಕನ್ನಡದಲ್ಲಿ ತಿರುಗಿ ಹೇಳಿ: ‘ಅಂದರೆ, ಇದು ಪೂರ್ತಿ ಹೋಗುವುದಿಲ್ಲ, ಆದರೆ ಈ ಮಾತ್ರೆ ಅದನ್ನು ಬೆಳೆಯದಂತೆ ತಡೆದಿದೆ, ಅದಕ್ಕೇ ನಿಲ್ಲಿಸಬಾರದು, ಹೌದಲ್ಲವೇ ಸರ್?’ ಸರಿಯಿದ್ದರೆ ಹೌದೆನ್ನುತ್ತಾರೆ, ಇಲ್ಲದಿದ್ದರೆ ಅಲ್ಲಿಯೇ ತಿದ್ದುತ್ತಾರೆ. ಒಂದು ನಿಮಿಷವೂ ಹಿಡಿಯದ ಈ ಮಾತಿಗೆ ಬೇಸರಪಡುವ ವೈದ್ಯರು ಕಡಿಮೆ.

ಉತ್ತರ: ವಾರ್ಡಿನಾಕೆ

ತುಂಗಾತೀರ ಅವರೇ, ಒಂದು ಸಣ್ಣ ಸೇರ್ಪಡೆ. ‘ಮೂಳೆಗೆ ಆಗಾಗ ಒಂದು ಇಂಜೆಕ್ಷನ್’ ಎಂದು ಬರೆದಿದ್ದೀರಿ. ಹೆಚ್ಚಿನವರು ಅದನ್ನು ಶಕ್ತಿಗೆ ಕೊಡುವ ಕ್ಯಾಲ್ಸಿಯಂ ಎಂದು ತಿಳಿದಿರುತ್ತಾರೆ, ಹಾಗಾಗಿ ಬೇರೆ ಡಾಕ್ಟರ ಬಳಿ ‘ಯಾವ ಔಷಧ ನಡೆಯುತ್ತಿದೆ’ ಎಂದು ಕೇಳಿದಾಗ ಅದರ ಹೆಸರೇ ಎತ್ತುವುದಿಲ್ಲ. ಅದು ಜೊಲೆಡ್ರೋನಿಕ್ ಆಸಿಡ್ ಅಥವಾ ಆ ಬಗೆಯದ್ದಾಗಿದ್ದರೆ, ಹಲ್ಲು ಕೀಳಿಸಿದ ಮೇಲೆ ದವಡೆಯ ಮೂಳೆ ಮಾಯದೆ ಉಳಿಯುವ ಅಪಾಯ ಸಣ್ಣ ಪ್ರಮಾಣದಲ್ಲಿ ಇರುತ್ತದೆ. ಫೈಲಿನಲ್ಲಿ ಅದರ ಹೆಸರು ನೋಡಿ ಒಂದು ಚೀಟಿಯಲ್ಲಿ ಬರೆದು ಅತ್ತೆಯವರ ಪರ್ಸಿನಲ್ಲಿಡಿ. ಹಲ್ಲುನೋವು ಬಂದರೆ ದಂತವೈದ್ಯರಿಗೆ ಆ ಚೀಟಿ ತೋರಿಸಿ, ಕೀಳುವ ಮೊದಲು ಕ್ಯಾನ್ಸರ್ ಡಾಕ್ಟರನ್ನು ಒಂದು ಮಾತು ಕೇಳಿಸಿ.